ಕೊಟ್ಟಿಗೆಯ ಔಷಧ, ಊರಿನ ಆರೋಗ್ಯ

(ಕುಬಟೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸವೆಂದರೆ ಕಾವ್ಯವನ್ನೋ ಶಾಸನವನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ರೂಢಿಯಾಗಿ ಬಂದಿದೆ. ಕೈಟಭೇಶ್ವರನ ಸನ್ನಿಧಿಯುಳ್ಳ, ಚಂದ್ರಹಾಸನ ಕಥೆಯ ಕುಂತಳನಗರವೇ ತಾನೆಂದು ಹೇಳಿಕೊಳ್ಳುವ ಈ ಊರಿನಲ್ಲಿ ಅಂಥ ವಿಷಯಗಳಿಗೆ ಬರವೂ ಇಲ್ಲ. ಆದರೂ ಹಸು, ಎಮ್ಮೆ, ಕೋಳಿಗಳಿಗೆ ನಾವು ಕೊಡುತ್ತಿರುವ ಆಂಟಿಬಯೋಟಿಕ್ ಔಷಧಗಳ ಅತಿಬಳಕೆಯನ್ನು ಕುರಿತು ಮಾತನಾಡಲು ನಾನು ಅನುಮತಿಯನ್ನು ಬೇಡಿದೆನು. ದತ್ತಿಯ ಹಿರಿಯರು ಅದಕ್ಕೆ ಸಮ್ಮತಿಸಿದುದು ಅವರ ಔದಾರ್ಯ. ಈ ಸೀಮೆಯಲ್ಲಿ ಪಶುಗಳ ಮಾತು ಸಭಾಮರ್ಯಾದೆಗೆ ಹೊರತಾದುದೇನೂ ಅಲ್ಲ. ತುರುಗೋಳಿನಲ್ಲಿ ಹೋರಾಡಿ ಮಡಿದವರ ವೀರಗಲ್ಲುಗಳು ಸೊರಬ ಶಿಕಾರಿಪುರಗಳ ಹಳ್ಳಿಹಳ್ಳಿಗಳಲ್ಲಿ ನಿಂತಿವೆ. ಇಲ್ಲಿಯ ದೇವಾಲಯವು ಎದ್ದ ಕಾಲಕ್ಕೆ ಸಮೀಪದಲ್ಲಿಯೇ, ಅಂದರೆ ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ, ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಅರಮನೆಯಲ್ಲಿ ಹುಟ್ಟಿದವನೊಬ್ಬನು ದನಗಳ ಬೇನೆಯನ್ನು ಕುರಿತು ಬರೆಯುವುದು ಅಂದಿಗೆ ಹೀನವೆನಿಸಿರಲಿಲ್ಲವೆಂಬುದನ್ನು, ಈ ವಿಷಯವನ್ನು ಕೇಳಿ ಹುಬ್ಬೇರಿಸಿದ ನನ್ನ ಒಬ್ಬಿಬ್ಬರು ಸಾಹಿತ್ಯಮಿತ್ರರಿಗಾಗಿ ಹೇಳಿದ್ದೇನೆ.

ಇಂದಿನ ಮಾತಿನ ವ್ಯಾಪ್ತಿಯನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ರೋಗಕ್ಕೆಂದು ಹುಟ್ಟಿದ ಔಷಧವು ಮೇವಿನ ಚೀಲವನ್ನು ಹೊಕ್ಕ ಬಗೆಯನ್ನು ಮೊದಲು ಹೇಳಿ, ಅನಂತರ ನಮ್ಮ ಕೊಟ್ಟಿಗೆಯ ಕೆಚ್ಚಲು ಬಾವಿನ ಬಳಿಗೆ ಬರುತ್ತೇನೆ; ಅಲ್ಲಿಂದ ಗೊಬ್ಬರದ ಮಾರ್ಗವಾಗಿ ಶುಂಠಿಯ ಹೊಲಕ್ಕೆ ಹೋಗಿ, ಕೊನೆಯಲ್ಲಿ ಕಾನೂನು ಏನು ಹೇಳುತ್ತದೆ, ಅದನ್ನು ಪಾಲಿಸುವವನ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ವಿಚಾರಿಸುತ್ತೇನೆ.

ಪೆನಿಸಿಲಿನ್ನಿನ ಗುಣವನ್ನು ಅಲೆಕ್ಸಾಂಡರ್ ಫ್ಲೆಮಿಂಗನು 1928ರಲ್ಲಿ ಕಂಡುಕೊಂಡನೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಅಷ್ಟಾಗಿ ಪ್ರಚಾರಕ್ಕೆ ಬಾರದ ಸಂಗತಿಯೆಂದರೆ, 1945ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಆತನು, ದುಂಡಾಣುಗಳನ್ನು ಕೊಲ್ಲಲು ಸಾಲದಷ್ಟು ಅಲ್ಪಪ್ರಮಾಣದ ಔಷಧಕ್ಕೆ ಅವುಗಳನ್ನು ಒಡ್ಡಿದರೆ ಅವು ಆ ಔಷಧವನ್ನೇ ಎದುರಿಸಿ ಬದುಕಲು ಕಲಿಯುವುವೆಂದು ಎಚ್ಚರಿಸಿದ್ದನೆಂಬುದು. ಆ ಎಚ್ಚರಿಕೆಯು ಹೊರಟು ಐದು ವರ್ಷಗಳು ತುಂಬುವುದರೊಳಗೆ, ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ವಿಜ್ಞಾನಿಗಳು, ಆರಿಯೋಮೈಸಿನ್ ಎಂಬ ಔಷಧವನ್ನು ತಯಾರಿಸಿದ ಮೇಲೆ ಉಳಿದ ಚರಟವನ್ನು ಕೋಳಿಮರಿಗಳ ಆಹಾರದಲ್ಲಿ ಬೆರೆಸಿದಾಗ ಅವು ವೇಗವಾಗಿ ಬೆಳೆಯುವುದನ್ನು ಕಂಡರು. ರೋಗವಿಲ್ಲದ ಪ್ರಾಣಿಗೆ, ರೋಗವನ್ನು ಗುಣಪಡಿಸಲಾಗದಷ್ಟು ಕಡಿಮೆ ಪ್ರಮಾಣದಲ್ಲಿ, ಹುಟ್ಟಿದ ದಿನದಿಂದ ಮಾರುವ ದಿನದವರೆಗೆ ಔಷಧವನ್ನು ತಿನ್ನಿಸುವ ಪದ್ಧತಿಯು ಹೀಗೆ ಆರಂಭವಾಯಿತು. ಫ್ಲೆಮಿಂಗನು ಯಾವುದನ್ನು ಮಾಡಬಾರದೆಂದಿದ್ದನೋ ಅದನ್ನೇ ಒಂದು ಉದ್ಯಮವು ತನ್ನ ಪದ್ಧತಿಯನ್ನಾಗಿ ಮಾಡಿಕೊಂಡಿತು.

ಇದರಿಂದ ಕೇಡೇನೆಂಬ ಪ್ರಶ್ನೆಗೆ ಉತ್ತರವು ಬೇಗನೆ ದೊರೆಯಲಾರಂಭಿಸಿತು. 1950ರ ದಶಕದ ಕೊನೆಯಲ್ಲಿ, ರಕ್ತಭೇದಿಯ ದುಂಡಾಣುಗಳನ್ನು ಅಭ್ಯಸಿಸುತ್ತಿದ್ದ ಜಪಾನಿನ ವಿಜ್ಞಾನಿಗಳು, ಒಂದು ಜಾತಿಯ ದುಂಡಾಣುವು ತಾನು ಗಳಿಸಿದ ನಿರೋಧಶಕ್ತಿಯನ್ನು ತನ್ನ ಸಂತಾನಕ್ಕೆ ಮಾತ್ರವಲ್ಲದೆ, ಪಕ್ಕದಲ್ಲಿರುವ ಬೇರೊಂದು ಜಾತಿಯ ದುಂಡಾಣುವಿಗೂ ದಾಟಿಸಬಲ್ಲುದೆಂದು ತೋರಿಸಿದರು. ಒಬ್ಬ ಕುಶಲಕರ್ಮಿಯು ತನ್ನ ಕಸುಬಿನ ಗುಟ್ಟನ್ನು ಮಗನಿಗೆ ಹೇಳಿಕೊಡುವುದು ಒಂದು ಬಗೆ. ಸಂತೆಯಲ್ಲಿ ಸಿಕ್ಕ ಅಪರಿಚಿತರಿಗೆಲ್ಲ ಹಂಚಿಬಿಡುವುದು ಇನ್ನೊಂದು ಬಗೆ. ದುಂಡಾಣುಗಳು ಎರಡನ್ನೂ ಮಾಡಬಲ್ಲವು. ಆದಕಾರಣ ಕೋಳಿಯ ಕರುಳಿನಲ್ಲಿರುವ ನಿರಪಾಯಕಾರಿ ದುಂಡಾಣುವು ಪಡೆದ ಶಕ್ತಿಯು, ಎಂದೋ ಒಂದು ದಿನ ಮನುಷ್ಯನನ್ನು ಹಾಸಿಗೆ ಹಿಡಿಸುವ ದುಂಡಾಣುವಿನಲ್ಲಿ ಕಂಡುಬಂದರೆ ಆಶ್ಚರ್ಯಪಡತಕ್ಕದ್ದಿಲ್ಲ. 1976ರಲ್ಲಿ ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಆತನ ಸಂಗಡಿಗರು ಬಾಸ್ಟನ್ ನಗರದ ಸಮೀಪದ ಒಂದು ಕೋಳಿಸಾಕಣೆಯಲ್ಲಿ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು: ಟೆಟ್ರಾಸೈಕ್ಲಿನ್ ಬೆರೆತ ಆಹಾರವನ್ನು ತಿಂದ ಮರಿಗಳ ಕರುಳಿನಲ್ಲಿ ಕೆಲವೇ ದಿನಗಳಲ್ಲಿ ನಿರೋಧಕ ದುಂಡಾಣುಗಳು ತುಂಬಿದುವು; ಕೆಲವು ತಿಂಗಳುಗಳಲ್ಲಿ ಅದೇ ಬಗೆಯ ದುಂಡಾಣುಗಳು, ಆ ಔಷಧವನ್ನು ಎಂದೂ ಸೇವಿಸದ ಆ ಮನೆಯವರ ಕರುಳಿನಲ್ಲಿಯೂ ಕಾಣಿಸಿಕೊಂಡುವು. ಅಷ್ಟೇ ಅಲ್ಲದೆ, ಮರಿಗಳಿಗೆ ಕೊಟ್ಟುದು ಒಂದೇ ಔಷಧವಾದರೂ ಆ ದುಂಡಾಣುಗಳು ಬೇರೆ ಹಲವು ಔಷಧಗಳಿಗೂ ಜಗ್ಗದವಾಗಿದ್ದುವು.

ಈ ಭಾಗದ ಉದಾಹರಣೆಗಳಲ್ಲಿ ನನ್ನನ್ನು ಅತ್ಯಂತ ಕಲಕಿದುದು ಕೊಲಿಸ್ಟಿನ್ ಎಂಬ ಔಷಧದ ಚರಿತ್ರೆ. ಮೂತ್ರಪಿಂಡಕ್ಕೆ ಹಾನಿಯೆಂದು ವೈದ್ಯರು ಇದನ್ನು ಹಿಂದೆಯೇ ಮೂಲೆಗಿಟ್ಟಿದ್ದರು. ಮನುಷ್ಯರಿಗೆ ಬೇಡವಾದುದು ಕೋಳಿ ಹಂದಿಗಳಿಗೆ ಅಗ್ಗವಾಗಿ ದೊರೆಯಿತು. ಈಚೆಗೆ ಬೇರೆಲ್ಲ ಔಷಧಗಳೂ ಸೋತ ರೋಗಿಗಳಿಗೆ ಕೊನೆಯ ಆಸರೆಯಾಗಿ ವೈದ್ಯರು ಅದನ್ನೇ ಮರಳಿ ಕೈಗೆತ್ತಿಕೊಳ್ಳಬೇಕಾಗಿ ಬಂದಾಗ, 2015ರ ನವೆಂಬರಿನಲ್ಲಿ ಚೀನಾ ದೇಶದಿಂದ ಒಂದು ವಾರ್ತೆ ಬಂದಿತು: ಆ ಔಷಧವನ್ನು ಸೋಲಿಸುವ, ಒಂದು ದುಂಡಾಣುವಿನಿಂದ ಮತ್ತೊಂದಕ್ಕೆ ಸುಲಭವಾಗಿ ಜಿಗಿಯುವ ಜೀನು ಹಂದಿಗಳಲ್ಲಿ, ಮಾಂಸದಲ್ಲಿ, ರೋಗಿಗಳಲ್ಲಿ ದೊರೆತಿದೆಯೆಂದು. ಭಾರತ ಸರ್ಕಾರವು 2019ರ ಜುಲೈಯಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗಳಿಗೆ, ಮೀನುಗಳಿಗೆ ಕೊಲಿಸ್ಟಿನ್ನನ್ನು ಕೊಡುವುದನ್ನು ನಿಷೇಧಿಸಿತು. ಆ ವೇಳೆಗೆ ಅದನ್ನು ಎಷ್ಟು ಕೋಳಿಗಳು ತಿಂದು ಮುಗಿಸಿದ್ದುವೋ ಲೆಕ್ಕವಿಟ್ಟವರಿಲ್ಲ.

ಇನ್ನು ದೂರದ ದೇಶಗಳನ್ನು ಬಿಟ್ಟು ನಮ್ಮ ಕೊಟ್ಟಿಗೆಗೆ ಬರೋಣ. ಇಲ್ಲಿ ಮೇವಿನ ಚೀಲದ ಔಷಧಕ್ಕಿಂತ ಇಂಜೆಕ್ಷನ್ನಿನ ಔಷಧವೇ ಮುಖ್ಯವಾದುದು. ಅದಕ್ಕೆ ಕಾರಣವು ಬಹುಮಟ್ಟಿಗೆ ಒಂದೇ ರೋಗ, ಕೆಚ್ಚಲು ಬಾವು. ಮಲೆನಾಡು ಗಿಡ್ಡ ತಳಿಯ ಹಸುಗಳು ಗುಡ್ಡದಲ್ಲಿ ಮೇಯ್ದು ಬಂದು ಮನೆಯ ಮಟ್ಟಿಗೆ ಹಾಲು ಕೊಡುತ್ತಿದ್ದ ಕಾಲದಲ್ಲಿ ಈ ರೋಗವು ಇರಲಿಲ್ಲವೆಂದಲ್ಲ. ಆದರೆ ದಿನಕ್ಕೆ ಹತ್ತು ಹನ್ನೆರಡು ಲೀಟರ್ ಹಿಂಡುವ ಮಿಶ್ರತಳಿಯ ಹಸುವಿನ ದೊಡ್ಡ ಕೆಚ್ಚಲು, ಗಾಳಿ ಬೆಳಕು ಕಡಿಮೆಯಾದ ಹಳೆಯ ಮಾದರಿಯ ಕೊಟ್ಟಿಗೆ, ಜಡಿಮಳೆಯ ನಾಲ್ಕು ತಿಂಗಳು ಆರದ ನೆಲ, ಇವು ಮೂರೂ ಕೂಡಿದಲ್ಲಿ ಅದು ಮನೆಯ ರೋಗವಾಗಿ ನೆಲಸಿತು. ಕರೆದಾದ ಮೇಲೆ ಮೊಲೆತೊಟ್ಟಿನ ತುದಿಯ ರಂಧ್ರವು ಸುಮಾರು ಅರ್ಧ ಗಂಟೆಯವರೆಗೆ ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ; ಹಸುವು ಆ ಹೊತ್ತಿನಲ್ಲಿ ಸೆಗಣಿ ಗಂಜಲಗಳ ಮೇಲೆ ಮಲಗಿತೆಂದರೆ ದುಂಡಾಣುಗಳಿಗೆ ಬಾಗಿಲು ತೆರೆದಂತೆಯೇ ಸರಿ. ಕರೆದ ಕೂಡಲೇ ಮುಂದೆ ಒಂದು ಹೊರೆ ಹಸಿಹುಲ್ಲನ್ನು ಹಾಕಿದರೆ ಅದು ನಿಂತೇ ತಿನ್ನುತ್ತದೆ, ಅಷ್ಟರಲ್ಲಿ ತೊಟ್ಟು ಮುಚ್ಚಿಕೊಳ್ಳುತ್ತದೆ. ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದಾದರೆ ಇನ್ನೂ ಒಳ್ಳೆಯದು. ಇದರ ಖರ್ಚು ಅತ್ಯಲ್ಪ. ಆದರೆ ಇದನ್ನು ಮಾರುವವರಿಗೆ ಲಾಭವೂ ಅತ್ಯಲ್ಪವಾದುದರಿಂದಲೋ ಏನೋ, ಹುಲ್ಲಿನ ಹೊರೆಯ ಈ ಉಪಾಯಕ್ಕೆ ಯಾವ ಔಷಧದಂಗಡಿಯ ಗೋಡೆಯ ಮೇಲೂ ಜಾಹೀರಾತು ಕಾಣಸಿಗುವುದಿಲ್ಲ.

ಬಾವು ಬಂದ ಮೇಲೆ ನಡೆಯುವುದೇನೆಂಬುದು ನಿಮಗೆಲ್ಲ ಗೊತ್ತಿದೆ. ಕೆಚ್ಚಲಿನ ಒಂದು ಭಾಗವು ಬಿಸಿಯಾಗಿ, ಗಟ್ಟಿಯಾಗಿ, ಹಾಲಿನಲ್ಲಿ ಗರಣೆ ಕಾಣಿಸುತ್ತದೆ. ಪಶು ಆಸ್ಪತ್ರೆ ದೂರ, ವೈದ್ಯರ ಹುದ್ದೆ ಖಾಲಿ, ಅಥವಾ ವೈದ್ಯರು ಮತ್ತೆಲ್ಲೋ ಕರು ಹಾಕಿಸಲು ಹೋಗಿರುತ್ತಾರೆ. ಪೇಟೆಯ ಔಷಧದಂಗಡಿಗೆ ಹುಡುಗನೊಬ್ಬನನ್ನು ಓಡಿಸಿ, ಹಿಂದಿನ ಸಲ ತಂದ ಔಷಧದ ಖಾಲಿ ಸೀಸೆಯನ್ನು ತೋರಿಸಿ, ಅದೇ ಔಷಧವನ್ನು ತರಿಸುತ್ತಾರೆ. ಎರಡು ಸೂಜಿಗೆ ಬಾವು ಇಳಿಯುತ್ತದೆ, ಮೂರನೆಯದನ್ನು ಹಾಕಿಸುವುದಿಲ್ಲ. ದುರ್ಬಲವಾದ ದುಂಡಾಣುಗಳು ಸತ್ತು ಬಲಿಷ್ಠವಾದವು ಕೆಚ್ಚಲಿನಲ್ಲಿಯೇ ಉಳಿಯುತ್ತವೆ, ಮುಂದಿನ ಸೂಲಿನಲ್ಲಿ ಅವು ಅದೇ ಔಷಧಕ್ಕೆ ಬಗ್ಗುವುದಿಲ್ಲ. ಇದನ್ನು ರೈತರ ಅಜ್ಞಾನವೆಂದು ಕರೆದು ಕೈತೊಳೆದುಕೊಳ್ಳುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವುಗಳಲ್ಲಿ ನನಗೆ ನಂಬಿಕೆಯಿಲ್ಲ. ಹಸುವಿನ ಪಕ್ಕದಲ್ಲಿ ರಾತ್ರಿ ಕುಳಿತಿರುವವನು ತನ್ನ ಕೈಗೆಟಕಿದ ಉಪಾಯವನ್ನು ಮಾಡಿದ್ದಾನೆ. ಸರಿಯಾದ ಉಪಾಯವು ಅವನ ಕೈಗೆಟಕುವಂತೆ ಮಾಡದವರು ಯಾರೆಂಬುದನ್ನು ಕೇಳಬೇಕು.

ಔಷಧ ಹಾಕಿದ ಹಸುವಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲವೆಂಬುದನ್ನು ನಮ್ಮ ತಾಯಂದಿರು ಯಾವ ಪ್ರಯೋಗಶಾಲೆಯ ಸಹಾಯವೂ ಇಲ್ಲದೆ ಕಂಡುಕೊಂಡಿದ್ದಾರೆ. ಹೆಪ್ಪಿನ ಸೂಕ್ಷ್ಮಾಣುಗಳನ್ನು ಹಾಲಿನಲ್ಲಿ ಉಳಿದ ಔಷಧವು ಕೊಲ್ಲುವುದೇ ಅದಕ್ಕೆ ಕಾರಣ. ಕಾಯಿಸಿದರೆ ಔಷಧವು ಹೋಗುತ್ತದೆಯೆಂಬ ಸಮಾಧಾನವು ಸುಳ್ಳು. ಈ ವರ್ಗದ ಔಷಧಗಳಲ್ಲಿ ಹೆಚ್ಚಿನವು ಮನೆಯ ಒಲೆಯ ಕಾವಿಗೆ ನಾಶವಾಗುವುದಿಲ್ಲ. ಇಷ್ಟಾದರೂ ಹಾಲಿನಲ್ಲಿರುವ ಔಷಧದ ಅಂಶವು ಈ ವಿಷಯದ ಚಿಕ್ಕ ಭಾಗವೇ ಹೊರತು ದೊಡ್ಡ ಭಾಗವಲ್ಲವೆಂಬುದು ನನ್ನ ಅಭಿಪ್ರಾಯ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ರಾಜಧಾನಿಯ ಸುತ್ತಮುತ್ತ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿ, ಶೇಕಡ 40ರಲ್ಲಿ ಔಷಧದ ಶೇಷವನ್ನು ಕಂಡಾಗ ಪತ್ರಿಕೆಗಳು ತಟ್ಟೆಯೊಳಗಿನ ವಿಷವನ್ನು ಕುರಿತು ಬರೆದುವು. ಜನರು ತಟ್ಟೆಗೆ ಹೆದರುವುದು ಸಹಜ. ಹೆದರಬೇಕಾದುದು ತಿಪ್ಪೆಗೆ.

ತಿಪ್ಪೆಯ ಈ ಮಾತಿನಿಂದ ಮೂರನೆಯ ಭಾಗಕ್ಕೆ ಬರುತ್ತೇನೆ. ಟೆಟ್ರಾಸೈಕ್ಲಿನ್‌ನಂಥ ಔಷಧವನ್ನು ತಿಂದ ಪ್ರಾಣಿಯು ಅದರ ಬಹುಪಾಲನ್ನು ಮಾರ್ಪಾಟಿಲ್ಲದೆ ಹಾಗೆಯೇ ಹೊರಗೆ ಹಾಕುತ್ತದೆ. ಜೊತೆಯಲ್ಲಿ, ಆ ಔಷಧವನ್ನು ಗೆದ್ದು ಬಂದ ದುಂಡಾಣುಗಳನ್ನೂ ಹೊರಗೆ ಹಾಕುತ್ತದೆ. ನಮ್ಮ ಸೀಮೆಯಲ್ಲಿ ಶುಂಠಿ ಹಾಕುವ ಹಂಗಾಮಿನಲ್ಲಿ ಬಯಲುಸೀಮೆಯ ಕಡೆಯಿಂದ ಲಾರಿಗಳಲ್ಲಿ ಕೋಳಿಗೊಬ್ಬರವು ಬಂದು ರಸ್ತೆಯ ಬದಿಯಲ್ಲಿ ರಾಶಿಬೀಳುವುದನ್ನೂ, ಅದರ ಘಾಟು ನಾಲ್ಕು ಮನೆಗಳಾಚೆಗೆ ಹಬ್ಬುವುದನ್ನೂ ನೀವು ಕಂಡಿದ್ದೀರಿ. ಆ ಕೋಳಿಗಳು ತಿಂದುದು ಬಹುಶಃ ನಮ್ಮದೇ ಶಿಕಾರಿಪುರದ ಕಡೆಯ ಮೆಕ್ಕೆಜೋಳ. ಅದರೊಡನೆ ಇನ್ನೇನನ್ನು ತಿಂದುವೆಂಬುದು ಗೊಬ್ಬರವನ್ನು ಕೊಳ್ಳುವವನಿಗಾಗಲಿ, ಅನೇಕ ವೇಳೆ ಕೋಳಿಯನ್ನು ಸಾಕಿದವನಿಗಾಗಲಿ ತಿಳಿಯದು. ಏಕೆಂದರೆ ಒಪ್ಪಂದದ ಕೋಳಿಸಾಕಣೆಯಲ್ಲಿ ಮರಿಯೂ ಆಹಾರವೂ ಔಷಧವೂ ಕಂಪನಿಯಿಂದ ಬರುತ್ತವೆ, ಶೆಡ್ಡು ಮತ್ತು ದುಡಿಮೆ ಮಾತ್ರ ರೈತನವು. ಸುಮಾರು ನಲವತ್ತು ದಿನಗಳಲ್ಲಿ ಎರಡು ಕಿಲೋ ತೂಗುವ ಹಕ್ಕಿಯನ್ನು ಮರಳಿ ಒಪ್ಪಿಸಿ ಕೂಲಿಯನ್ನು ಪಡೆದರೆ ಅವನ ವ್ಯವಹಾರವು ಮುಗಿಯಿತು. ಆ ಹಸಿಗೊಬ್ಬರವನ್ನು ನೇರವಾಗಿ ಶುಂಠಿ ಮಡಿಗೆ, ಅಡಕೆಮರದ ಬುಡಕ್ಕೆ ಸುರಿದಾಗ, ಮುಂಗಾರಿನ ಮೊದಲ ಹದಮಳೆಗೆ ಅದರ ರಸವು ಹಳ್ಳವನ್ನು ಸೇರಿ, ದಂಡಾವತಿಗೋ ವರದೆಗೋ ಇಳಿಯುತ್ತದೆ. ಗೊಬ್ಬರವನ್ನು ತೇವವಿಟ್ಟು, ರಾಶಿಮಾಡಿ, ಒಳಗೆ ಕಾವೇರುವಂತೆ ಕೆಲವು ವಾರ ಕಳಿಯಲು ಬಿಟ್ಟು, ಮಗುಚಿ ಹಾಕಿದರೆ ಔಷಧದ ಅಂಶವೂ ದುಂಡಾಣುಗಳೂ ಬಹಳಮಟ್ಟಿಗೆ ಕುಗ್ಗುತ್ತವೆ, ಪೂರ್ತಿಯಾಗಿ ಅಲ್ಲವಾದರೂ.

ಶುಂಠಿಯ ಮಾತು ಬಂದುದರಿಂದ, ಪಶುಗಳ ವಿಷಯಕ್ಕೆ ಸ್ವಲ್ಪ ಹೊರತಾದರೂ ಹೇಳದೆ ಬಿಡಲಾರದ ಒಂದು ಸಂಗತಿಯಿದೆ. ಗಡ್ಡೆ ಕೊಳೆತು ಗಿಡ ಸೊರಗಿದಾಗ, ಭತ್ತಕ್ಕೆ ದುಂಡಾಣು ಅಂಗಮಾರಿ ತಗಲಿದಾಗ, ಆರು ಗ್ರಾಂನ ಪುಟ್ಟ ಪೊಟ್ಟಣದಲ್ಲಿ ಬರುವ ಸ್ಟ್ರೆಪ್ಟೋಸೈಕ್ಲಿನ್ ಎಂಬ ಪುಡಿಯನ್ನು ನೀರಿಗೆ ಬೆರೆಸಿ ಹೊಡೆಯುವುದು ನಮ್ಮಲ್ಲಿ ಸಾಮಾನ್ಯ. ಅದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್‌ಗಳ ಮಿಶ್ರಣ. ಮೊದಲನೆಯದು ಕ್ಷಯರೋಗಿಗಳನ್ನು ಬದುಕಿಸಿದ ಔಷಧ. ಕೃಷಿಯಲ್ಲಿ ಇವುಗಳ ಬಳಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರವು 2021ರ ಡಿಸೆಂಬರಿನಲ್ಲಿ ಕರಡು ಆದೇಶವನ್ನು ಹೊರಡಿಸಿತು. ಹೀಗೆ ಒಂದೇ ಕುಟುಂಬದ ಔಷಧವು ಮನುಷ್ಯನ ನರಕ್ಕೆ, ಹಸುವಿನ ಕೆಚ್ಚಲಿಗೆ, ಕೋಳಿಯ ನೀರಿಗೆ, ಶುಂಠಿಯ ಮಡಿಗೆ ಏಕಕಾಲದಲ್ಲಿ ಹೋಗುತ್ತಿದೆ; ನಾಲ್ಕು ಇಲಾಖೆಗಳು ನಾಲ್ಕು ಕಡತಗಳಲ್ಲಿ ಅದನ್ನು ನೋಡುತ್ತಿವೆ.

ಮನುಷ್ಯ, ಪಶು, ಕಾಡು ಇವುಗಳ ಆರೋಗ್ಯವು ಒಂದೇ ಎಂಬುದನ್ನು ಸೊರಬ ತಾಲ್ಲೂಕಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಆಮೇಲೆ ಸೌದೆಗೂ ದರಗಿಗೂ ಹೋದವರು ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಉಣ್ಣೆಯ ಮೂಲಕ ಹರಡುವ ಹೊಸದೊಂದು ವೈರಸ್ಸನ್ನು ಗುರುತಿಸಿದರು. ನಮ್ಮ ತಾಲ್ಲೂಕಿನ ಹಳ್ಳಿಯ ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿದುದು ಹಾಗೆ. ಕಾಡಂಚಿನಲ್ಲಿ ಮೇಯುವ ದನಗಳ ರಕ್ತವನ್ನು ಕುಡಿದು ಆ ಉಣ್ಣೆಗಳು ವೃದ್ಧಿಯಾಗುವುವೆಂಬುದೂ ಆಗಲೇ ತಿಳಿದುಬಂದಿತು. ಈ ಪ್ರಸಂಗವನ್ನು ಎತ್ತಲು ನನಗೆ ಇನ್ನೊಂದು ಕಾರಣವೂ ಉಂಟು. ಮಂಗನ ಕಾಯಿಲೆಯೆಂದು ಹೆಸರಾದ ಈ ಜ್ವರವಾಗಲಿ, ದನಗಳ ಕಾಲುಬಾಯಿ ಜ್ವರವಾಗಲಿ, 2022ರಲ್ಲಿ ನಮ್ಮ ರಾಜ್ಯದ ರಾಸುಗಳನ್ನು ಕಾಡಿದ ಚರ್ಮಗಂಟು ರೋಗವಾಗಲಿ ವೈರಸ್ಸಿನಿಂದ ಬಂದವು. ವೈರಸ್ಸಿನ ಮೇಲೆ ಆಂಟಿಬಯೋಟಿಕ್ಕಿಗೆ ಯಾವ ಅಧಿಕಾರವೂ ಇಲ್ಲ. ಹುಣ್ಣು ಕೀವಾಗಿ ದುಂಡಾಣುಗಳು ಸೇರಿಕೊಂಡಾಗ ವೈದ್ಯರು ಅದನ್ನು ಕೊಡುವುದು ಬೇರೆ ಮಾತು. ಜ್ವರವೆಂದ ಕೂಡಲೇ, ಅದು ಯಾವುದರ ಜ್ವರವೆಂದು ನೋಡದೆ, ಎಲ್ಲಕ್ಕೂ ಒಂದೇ ಸೀಸೆಯನ್ನು ಎತ್ತುವುದು ವ್ಯರ್ಥವೆಂಬುದಷ್ಟೇ ಅಲ್ಲ, ಲಸಿಕೆಯಿಂದ ತಡೆಯಬಹುದಾಗಿದ್ದ ಹಲವು ರೋಗಗಳಿಗೆ ಲಸಿಕೆ ಹಾಕಿಸದೆ ಕುಳಿತುದರ ಫಲವೂ ಹೌದು.

ಈಗ ಕೊನೆಯ ಭಾಗ. ಪರಿಹಾರವು ಇದೆಯೇ ಎಂದು ಕೇಳುವವರಿಗೆ ಡೆನ್ಮಾರ್ಕ್ ದೇಶದ ಉದಾಹರಣೆಯನ್ನು ಕೊಡುವುದು ವಾಡಿಕೆ. ಬೆಳವಣಿಗೆಗಾಗಿ ಆಂಟಿಬಯೋಟಿಕ್ ತಿನ್ನಿಸುವುದನ್ನು ಆ ದೇಶವು ಕಳೆದ ಶತಮಾನದ ಕೊನೆಯ ಹೊತ್ತಿಗೆ ನಿಲ್ಲಿಸಿತು; ಎಳೆಯ ಹಂದಿಮರಿಗಳಲ್ಲಿ ಭೇದಿ ಹೆಚ್ಚಾಗಿ ಚಿಕಿತ್ಸೆಯ ಔಷಧದ ಖರ್ಚು ಮೊದಮೊದಲು ಏರಿತಾದರೂ, ಅವರ ಹಂದಿಸಾಕಣೆಯು ಕುಸಿಯಲಿಲ್ಲ. ಐರೋಪ್ಯ ಒಕ್ಕೂಟವು 2006ರ ಜನವರಿ 1ರಿಂದ ಅದೇ ದಾರಿಯನ್ನು ಹಿಡಿಯಿತು. ನಮಗೆ ಹತ್ತಿರದ ಉದಾಹರಣೆಯೂ ಉಂಟು. ತಮಿಳುನಾಡಿನ ಪಶುವೈದ್ಯ ಪ್ರಾಧ್ಯಾಪಕರಾದ ಎನ್. ಪುಣ್ಯಮೂರ್ತಿಯವರು ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದವರೊಡನೆ ಕೂಡಿ ರೂಪಿಸಿದ, ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯು ಪ್ರಚಾರಕ್ಕೆ ತಂದ ಕೆಚ್ಚಲು ಬಾವಿನ ಮನೆಮದ್ದು ಅದು: 250 ಗ್ರಾಂ ಲೋಳೆಸರ, 50 ಗ್ರಾಂ ಅರಿಸಿನ, 15 ಗ್ರಾಂ ಎಲೆಯಡಕೆಯ ಸುಣ್ಣ; ಇವನ್ನು ಅರೆದು, ಕೆಚ್ಚಲನ್ನು ಪೂರ್ತಿ ಹಿಂಡಿ ತೊಳೆದ ಮೇಲೆ, ಸ್ವಲ್ಪ ಸ್ವಲ್ಪವಾಗಿ ನೀರು ಬೆರೆಸಿ ದಿನಕ್ಕೆ ಎಂಟು ಹತ್ತು ಸಲ ಕೆಚ್ಚಲಿಗೆಲ್ಲ ಸವರಬೇಕು. ಬಾವಿನ ಮೊದಲ ಹಂತದಲ್ಲಿ ಇದನ್ನು ಬಳಸಿ ನೋಡುವುದು ಯುಕ್ತ. ಆದರೆ ಹಸುವು ಮೇವು ಬಿಟ್ಟು, ಜ್ವರ ಏರಿ, ಹಾಲು ನೀರಾದಾಗಲೂ ಲೋಳೆಸರವನ್ನೇ ನಂಬಿ ಕುಳಿತರೆ ಕೆಚ್ಚಲಷ್ಟೇ ಅಲ್ಲ, ಹಸುವೂ ಹೋದೀತು. ಆಂಟಿಬಯೋಟಿಕ್ ಬೇಡವೆಂಬುದು ನನ್ನ ವಾದವಲ್ಲ. ಬೇಕಾದ ದಿನ ಅದು ಕೆಲಸ ಮಾಡುವಂತೆ ಇರಲೆಂಬುದು ವಾದ. ಹಾಲನ್ನು ಪರೀಕ್ಷಿಸಿ, ಯಾವ ಔಷಧಕ್ಕೆ ಆ ದುಂಡಾಣು ಸಾಯುವುದೆಂದು ತಿಳಿದು, ಅಳತೆಗೆ ಸರಿಯಾಗಿ, ಹೇಳಿದಷ್ಟು ದಿನ ಕೊಡುವುದು ಅದರ ಕ್ರಮ. ಶಿವಮೊಗ್ಗದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿರುವಾಗ ಇದು ಅಸಾಧ್ಯವಾದುದಲ್ಲ.

ಕಾನೂನು ಏನೆನ್ನುತ್ತದೆಯೆಂದರೆ: 2012ರ ಜನವರಿಯಲ್ಲಿ ಔಷಧ ನಿಯಮಗಳಿಗೆ ಮಾಡಿದ ತಿದ್ದುಪಡಿಯ ಪ್ರಕಾರ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧದ ಮೇಲೆ, ಅದನ್ನು ಕೊಟ್ಟ ಎಷ್ಟು ದಿನಗಳವರೆಗೆ ಹಾಲು ಮೊಟ್ಟೆ ಮಾಂಸಗಳನ್ನು ಬಳಸಬಾರದೆಂಬುದನ್ನು ಮುದ್ರಿಸಬೇಕು, ಆ ಔಷಧಕ್ಕೆ ಅವಧಿಯು ಪ್ರತ್ಯೇಕವಾಗಿ ನಿರ್ಧಾರವಾಗಿರದಿದ್ದರೆ, ಹಾಲು ಮೊಟ್ಟೆಗಳಿಗೆ ಕನಿಷ್ಠ 7 ದಿನ, ಕೋಳಿ ಮತ್ತಿತರ ಪ್ರಾಣಿಗಳ ಮಾಂಸಕ್ಕೆ ಕನಿಷ್ಠ 28 ದಿನ. ನಲವತ್ತು ದಿನಗಳ ಆಯುಷ್ಯವುಳ್ಳ ಕೋಳಿಗೆ ಇಪ್ಪತ್ತೆಂಟು ದಿನಗಳ ನಿಷೇಧವೆಂದರೆ ಏನರ್ಥವೆಂಬುದನ್ನು ಕಂಪನಿಯವರು ಬಲ್ಲರು. ಹಸುವಿನ ಲೆಕ್ಕವನ್ನು ನಾವೇ ಹಾಕಬಹುದು. ದಿನಕ್ಕೆ 8 ಲೀಟರ್ ಕೊಡುವ ಹಸುವಿನ ಹಾಲನ್ನು 7 ದಿನ ಡೈರಿಗೆ ಹಾಕದಿದ್ದರೆ 56 ಲೀಟರ್. ಲೀಟರಿಗೆ 35 ರೂಪಾಯಿಯೆಂದು ಹಿಡಿದರೆ 1,960 ರೂಪಾಯಿ. ಔಷಧದ, ವೈದ್ಯರ ಖರ್ಚು ಬೇರೆ. ಒಂದೇ ಹಸುವಿನ ಹಾಲಿನಿಂದ ವಾರದ ಸಂತೆ ನಡೆಸುವ ಹೆಂಗಸಿಗೆ, ಊರಿನ ಆರೋಗ್ಯಕ್ಕಾಗಿ ಇಷ್ಟನ್ನೂ ಚರಂಡಿಗೆ ಚೆಲ್ಲೆಂದು ಹೇಳುವ ನೈತಿಕ ಅಧಿಕಾರವು, ಅದೇ ಡೈರಿಯ ಹಾಲನ್ನು ಕುಡಿಯುವ ನಮಗೆ ಎಲ್ಲಿಂದ ಬಂದಿತು? ಹಾಲು ಉತ್ಪಾದಕರ ಸಹಕಾರ ಸಂಘಗಳೂ, ಅವುಗಳ ಮೇಲಿನ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಒಕ್ಕೂಟವೂ ಈ ನಷ್ಟವನ್ನು ತಮ್ಮ ಲಾಭಾಂಶದಿಂದ ತುಂಬಿಕೊಡುವ ಒಂದು ನಿಧಿಯನ್ನು ಏರ್ಪಡಿಸುವುದು ಸಾಧ್ಯವೆಂದು ನಾನು ನಂಬುತ್ತೇನೆ. ವೈದ್ಯರ ಚೀಟಿಯಿದ್ದು, ಹಾಲನ್ನು ತಡೆಹಿಡಿದುದಾಗಿ ಸಂಘದ ಕಾರ್ಯದರ್ಶಿಯ ಪುಸ್ತಕದಲ್ಲಿ ದಾಖಲಾದ ದಿನಗಳಿಗೆ, ಹಾಕದ ಹಾಲಿಗೂ ಅರ್ಧ ಬೆಲೆಯನ್ನಾದರೂ ಕೊಡಲಿ. ಆಗ ಸೂಜಿ ಹಾಕಿಸಿದ ಸಂಗತಿಯನ್ನು ಮುಚ್ಚಿಡಲು ಯಾರಿಗೂ ಕಾರಣವಿರುವುದಿಲ್ಲ. ಯಾವ ಊರಿನಲ್ಲಿ ಎಷ್ಟು ಹಸುಗಳಿಗೆ ಯಾವ ಔಷಧ ಹೋಯಿತೆಂಬ ಲೆಕ್ಕವು ಮೊದಲ ಬಾರಿಗೆ ನಮ್ಮ ಕೈಗೆ ಬರುತ್ತದೆ. ಈ ಸಭೆಯಲ್ಲಿ ಸಂಘದ ಆಡಳಿತ ಮಂಡಳಿಯವರೂ ಕುಳಿತಿರುವರೆಂದು ಅಧ್ಯಕ್ಷರು ನನಗೆ ತಿಳಿಸಿದರು. ಬರುವ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಸೇರಿಸಬೇಕೆಂದು ಅವರನ್ನು ವಿನಂತಿಸಿಕೊಳ್ಳುತ್ತೇನೆ.